ಕೊಳದಷ್ಟೇ ಸುತ್ತು

ವಿಮಾನ ನಿಲ್ದಾಣಕ್ಕೆ ಹೋಗಬೇಕಾದರೆ ದೊಡ್ಡ ರಸ್ತೆ ಸಿಕ್ಕ ಕೂಡಲೇ ಎಡಕ್ಕೆ ತಿರುಗಬೇಕು. ಲಾರಿ ಬಲಕ್ಕೆ ತಿರುಗಿತು. ಹಿಂದುಗಡೆ ಟಾರ್ಪಾಲಿನ ಕೆಳಗೆ, ನೀರು ತುಂಬಿದ ಉದ್ದನೆಯ ತೊಟ್ಟಿಯ ಪಕ್ಕ ಮಂಡಿಯೂರಿದ್ದ, ಡಾಲ್ಫಿನ್ನಿಗೆ ಆಟ ಕಲಿಸುವ ಅಕ್ಬೋಬೆಕ್ ಬೀಳದ ಹಾಗೆ ಅಂಚು ಹಿಡಿದುಕೊಂಡಳು. ನೀರು ಒಂದು ಮಗ್ಗುಲಿಗೆ ವಾಲಿ ಅವಳ ತೊಡೆ ತೋಯಿಸಿತು. ತೊಟ್ಟಿಯೊಳಗೆ ಕ್ಯಾನ್ವಾಸಿನ ಜೋಲಿಯಲ್ಲಿ ಮಲಗಿದ್ದ ಶೊಲ್ಪಾನ್ ನೆತ್ತಿಯ ಮೇಲಿನ ಉಸಿರುಗಂಡಿ ಅಗಲಿಸಿ ಫುಸ್ಸೆಂದು ಉಸಿರು ಬಿಟ್ಟಿತು.

"ಏನಿಲ್ಲ ಕಣೇ, ಏನಿಲ್ಲ," ಎನ್ನುತ್ತ ಅಕ್ಬೋಬೆಕ್ ಡಾಲ್ಫಿನ್ನಿನ ಬೆನ್ನಿನ ಮೇಲೆ ಸ್ಪಂಜು ಹಿಂಡಿದಳು. ಆಮೇಲೆ ಡ್ರೈವರನ ಗೂಡಿನ ತಗಡನ್ನು ಮುಷ್ಟಿಯಿಂದ ಬಡಿದಳು. ಗೂಡಿನಲ್ಲಿ ಕೊಳದ ಪಂಪು ನೋಡಿಕೊಳ್ಳುವ ಸಗಿಂದಿಕ್ ಇದ್ದ. ಲಾರಿ ಓಡಿಸುತ್ತಿದ್ದವನು ಅವನ ತಂಗಿಯ ಮಗ. ಇಬ್ಬರೂ ತಿರುಗಿ ನೋಡಲಿಲ್ಲ. ಅವಳು ಫೋನು ಮಾಡಿದಳು.

"ಸಗಿಂದಿಕ್ ಮಾಮ, ದಾರಿ ತಪ್ತು. ಏರ್‌ಪೋರ್ಟ್ ಆ ಕಡೆ."

"ಆಂ? ಗಾಳಿ ಮಗಳೇ, ಏನೂ ಕೇಳಿಸ್ತಿಲ್ಲ."

"ಕಿಟಕಿ ಮುಚ್ಚಿದ್ದೀರಲ್ಲ, ಎಲ್ಲಿಯ ಗಾಳಿ?"

"ಕೇಳಿಸ್ತಾನೇ ಇಲ್ಲ ನೋಡು," ಎಂದು ಸಗಿಂದಿಕ್ ಫೋನಿಟ್ಟ.

ನಮ್ಮ ಅಕ್ತಾವ್ ಊರಿನಲ್ಲಿ ಕುಡಿಯುವ ನೀರೂ ಸಮುದ್ರದ್ದೇ. ಕಾರ್ಖಾನೆಯಲ್ಲಿ ಅದರ ಉಪ್ಪು ತೆಗೆದು ನಲ್ಲಿಗೆ ಬಿಡುತ್ತಾರೆ. ಆ ಸಪ್ಪೆ ನೀರನ್ನು ಡಾಲ್ಫಿನ್ ಕೊಳಕ್ಕೆ ತುಂಬಿ, ಮತ್ತೆ ಮೂಟೆಗಟ್ಟಲೆ ಉಪ್ಪು ಸುರಿದು ಕದಡುವುದು ಸಗಿಂದಿಕನ ಕೆಲಸ. ಕೊಳದ ಗೋಡೆಯಿಂದ ಕಲ್ಲೆಸೆದರೆ ಸಮುದ್ರಕ್ಕೆ ಬೀಳುತ್ತದೆ. ಆದರೆ ದಡದ ನೀರಿನಲ್ಲಿ ಹಡಗಿನ ಎಣ್ಣೆಯಿರುತ್ತದೆಂದು ಅದನ್ನು ನೇರ ತುಂಬುವಂತಿರಲಿಲ್ಲ. "ಮೊಸರು ಕಡೆದು ಬೆಣ್ಣೆ ತೆಗೀತಾರೆ ಅವರು, ಅದೇ ಬೆಣ್ಣೆ ಮಜ್ಜಿಗೆಗೆ ಕದಡಿ ವಾಪಸ್ ಮೊಸರು ಮಾಡ್ತೀನಿ ನಾನು," ಎಂದು ಅವನು ಆಟ ನೋಡಲು ಬಂದವರನ್ನೆಲ್ಲ ನಗಿಸುತ್ತಿದ್ದ. ಬೆನ್ನ ಮೇಲೆ ಮೂಟೆ ಹೊತ್ತು ಹೊತ್ತು ಅವನ ಅಂಗಿಯ ಹೆಗಲಿನಲ್ಲಿ ಸದಾ ಬಿಳಿ ಕಲೆಯಿರುತ್ತಿತ್ತು.

ಊರಿನವರು ಕೇಳುತ್ತಿದ್ದದ್ದು ಒಂದೇ ಮಾತು. ಸಮುದ್ರ ಪಕ್ಕದಲ್ಲೇ ಇದೆಯಲ್ಲ, ಶೊಲ್ಪಾನನ್ನು ಅಲ್ಲಿಗೆ ಬಿಟ್ಟುಬಿಡಬಾರದಾ? ಟ್ಯಾಕ್ಸಿಯವರು ಕೇಳುತ್ತಿದ್ದರು, ಮದುವೆ ದಿಬ್ಬಣದವರು ಕೇಳುತ್ತಿದ್ದರು, ಗೇಟಿನ ಹತ್ತಿರ ಸೂರ್ಯಕಾಂತಿ ಬೀಜ ಮಾರುವ ಬಲ್ಜಾನ್ ಅಜ್ಜಿಯಂತೂ ಬೆಳಿಗ್ಗೆಗೊಂದು ಸಲ ಸಂಜೆಗೊಂದು ಸಲ ಕೇಳುತ್ತಿದ್ದಳು. ಅಕ್ಬೋಬೆಕ್ ಬೇಸರವಿಲ್ಲದೆ ಹೇಳುತ್ತಿದ್ದಳು: ಇದು ಅವಳ ಸಮುದ್ರವಲ್ಲ, ಅವಳನ್ನು ಹಿಡಿದದ್ದು ಕಪ್ಪು ಸಮುದ್ರದಲ್ಲಿ. ನಮ್ಮ ಸಮುದ್ರಕ್ಕೆ ನಾಲ್ಕೂ ಕಡೆ ನೆಲ. ಇದರಲ್ಲಿ ಸೀಲ್ ಇವೆ, ಡಾಲ್ಫಿನ್ ಒಂದೂ ಇಲ್ಲ. "ಹೌದಾ, ಪಾಪ," ಎಂದು ತಲೆಯಾಡಿಸಿ ಹೋದವರು ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದರು. ಜನಕ್ಕೆ ಸಮುದ್ರ ಎಂದರೆ ಸಮುದ್ರ, ಅದರಲ್ಲಿ ನಿನ್ನದು ನನ್ನದು ಏನು ಬಂತು ಎಂಬ ಲೆಕ್ಕ.

ಈಗ ಕೊಳವನ್ನೇ ಮುಚ್ಚಿದ್ದರು. ಆ ಜಾಗದಲ್ಲಿ ಅಂಗಡಿ ಸಾಲು ಏಳುತ್ತದಂತೆ. ಮಾಲೀಕನ ಮುಖವನ್ನು ಯಾರೂ ಕಂಡಿರಲಿಲ್ಲ, ಅವನ ಮಾತೆಲ್ಲ ಮ್ಯಾನೇಜರ್ ಯೆರ್ನಾಜರನ ಬಾಯಿಂದ ಬರುತ್ತಿತ್ತು. ಶೊಲ್ಪಾನನ್ನು ಅರಬರ ದೇಶದ ಒಂದು ಹೋಟೆಲಿನ ಕೊಳಕ್ಕೆ ವಿಮಾನದಲ್ಲಿ ಕಳಿಸುವುದೆಂದು ತೀರ್ಮಾನವಾಗಿತ್ತು. ಅಕ್ಬೋಬೆಕಳ ಹೆದರಿಕೆ ಇದ್ದದ್ದು ಈ ಪ್ರಯಾಣದ ಬಗ್ಗೆ. ಶೊಲ್ಪಾನಿನ ಜೊತೆಗಿದ್ದ ಬಾತಿರ್ ಎಂಬ ಗಂಡು ಡಾಲ್ಫಿನ್ನನ್ನು ಹೋದ ವರ್ಷ ಹೀಗೇ ಲಾರಿಗೆ, ವಿಮಾನಕ್ಕೆ ಹತ್ತಿಸಿ ಅದೇ ಹೋಟೆಲಿಗೆ ಕಳಿಸಿದ್ದರು. ಅದು ಜೀವಂತ ತಲುಪಲಿಲ್ಲ. ಆದರೂ ಅಲ್ಲಿಯ ಗೋಡೆಯ ಮೇಲೆ ಬಾತಿರನ ಆಟ ನೋಡಬನ್ನಿ ಎಂದು ಚಿತ್ರ ಬರೆಸಿದ್ದಾರೆ. ಈ ಕಸುಬಿನಲ್ಲಿ ಪ್ರಾಣಿ ಸಾಯುತ್ತದೆ, ಹೆಸರು ಸಾಯುವುದಿಲ್ಲ. ಇನ್ನೊಂದನ್ನು ತಂದು ಅದೇ ಹೆಸರಿನಲ್ಲಿ ಕುಣಿಸುತ್ತಾರೆ.

ಬಾತಿರ್ ಹೋದಂದಿನಿಂದ ಶೊಲ್ಪಾನ್ ಸುತ್ತು ಹಿಡಿದಿತ್ತು. ಆಟವಿಲ್ಲದ ಹೊತ್ತಿನಲ್ಲೆಲ್ಲ ಎಡಮಗ್ಗುಲಾಗಿ, ಗೋಡೆಗೆ ಒಂದು ಮೊಳ ಬಿಟ್ಟು, ಕೊಳವನ್ನು ಸುತ್ತುತ್ತಿತ್ತು. ಮೀನು ತಿನ್ನುವುದೂ ಕಡಿಮೆಯಾಗಿತ್ತು. ಡಾಕ್ಟರು ಬಂದು ವಿಟಮಿನ್ ಗುಳಿಗೆ ಕೊಟ್ಟು ಹೋಗಿದ್ದರು.

ಅಕ್ಬೋಬೆಕಳ ಕುತ್ತಿಗೆಯಲ್ಲಿ ಒಂದು ಸೀಟಿ ತೂಗುತ್ತಿತ್ತು. ನೋಡುವವರು ಅದು ಡಾಲ್ಫಿನ್ನನ್ನು ಕರೆಯುವ ಸೀಟಿ ಎಂದುಕೊಳ್ಳುತ್ತಾರೆ. ಕರೆಯುವುದಕ್ಕೆ ಅಂಗೈಯಿಂದ ನೀರು ಬಡಿಯಬೇಕು. ಸೀಟಿ ಹೇಳುವುದು ಬೇರೆ: ಈಗ ಮಾಡಿದೆಯಲ್ಲ, ಅದು ಸರಿ, ಮೀನು ಬರುತ್ತದೆ. ಯಾವ ಪಾಠವಾದರೂ ಹಾಗೇ, ಗೇಣು ಗೇಣಾಗಿ ಕಲಿಸುವುದು. ಜೋಲಿಯೊಳಕ್ಕೆ ತಾನಾಗಿ ಈಜಿ ಬಂದು ಮಲಗುವುದನ್ನೂ ಅವಳು ಹಾಗೇ ಕಲಿಸಿದ್ದಳು. ಬಲೆ ಹಾಕಿ ಎಳೆದಾಡಿ ಹಿಡಿಯುವುದು ಅವಳಿಗೆ ಬೇಕಿರಲಿಲ್ಲ. ಆ ಬೆಳಿಗ್ಗೆಯೂ ನೀರು ಬಡಿದು ಅಂಗೈ ಚಾಚಿದ್ದೇ ತಡ, ಶೊಲ್ಪಾನ್ ನೆಟ್ಟಗೆ ಬಂದು ಜೋಲಿಯಲ್ಲಿ ಮಲಗಿತು. ಎತ್ತಲು ಬಂದಿದ್ದ ಆಳುಗಳು ಚಪ್ಪಾಳೆ ತಟ್ಟಿದರು. ಅಕ್ಬೋಬೆಕಳಿಗೆ ನಾಚಿಕೆಯಾಯಿತು. ಸೀಟಿ ಊದಿ ಮೀನು ಕೊಟ್ಟಳು.

ಲಾರಿ ಡಾಂಬರು ರಸ್ತೆ ಬಿಟ್ಟು ಜಲ್ಲಿಯ ಮೇಲೆ ಕುಲುಕತೊಡಗಿದಾಗ ಯೆರ್ನಾಜರನ ಫೋನು ಬಂತು.

"ಎಲ್ಲಿದೀರಾ? ಸರಿ, ನಿಧಾನಕ್ಕೇ ಬನ್ನಿ. ಬಾಕುನಲ್ಲಿ ಬಿರುಗಾಳಿಯಂತೆ, ವಿಮಾನ ಅಲ್ಲಿಂದ ಎದ್ದೇ ಇಲ್ಲ. ಸಂಜೆ ಆಗಬಹುದು ಅಂತಿದಾರೆ."

"ಸಂಜೆನಾ? ಅಲ್ಲೀವರೆಗೂ ಇವಳು ಜೋಲೀಲೇ ಇರಬೇಕಾ? ತನ್ನ ಭಾರಕ್ಕೆ ತನಗೇ ಎದೆ ಕಟ್ಟುತ್ತೆ ಸರ್. ಈಗಲೇ ಉಸಿರು ಜೋರಾಗಿದೆ."

"ನೀರು ಹಾಕ್ತಿರು. ಬಾತಿರ್ ಇರಲಿಲ್ವಾ?"

"ಬಾತಿರ್ ಈಗ ಎಲ್ಲಿದಾನೆ ಸರ್?"

"ನಾನೇನು ಗಾಳೀನ ನಿಲ್ಲಿಸೋಕಾಗುತ್ತಾ ಅಕ್ಬೋಬೆಕ್?" ಎಂದು ಯೆರ್ನಾಜರ್ ಫೋನಿಟ್ಟ.

ಲಾರಿ ನಿಂತಿತು. ಸಗಿಂದಿಕ್ ಟಾರ್ಪಾಲು ಸರಿಸಿದಾಗ ಮೊದಲು ಬಂದದ್ದು ಬೆಳಕು, ಆಮೇಲೆ ಕರಿದ ಎಣ್ಣೆಯ ವಾಸನೆ. ಅದು ಮೀನುಗಾರರ ಸಂಘದ ಹಳೆಯ ಬಂದರು. ಸಂಘ ಮುಳುಗಿ ಎಷ್ಟೋ ಕಾಲವಾಗಿದೆ. ಎರಡು ಕಲ್ಲಿನ ಕಟ್ಟೆಗಳು ಸಮುದ್ರಕ್ಕೆ ತೋಳು ಚಾಚಿಕೊಂಡಿವೆ, ನಡುವೆ ಶಾಂತ ನೀರು, ತುದಿಯಲ್ಲಿ ದೋಣಿ ಹೋಗುವಷ್ಟು ಬಾಯಿ. ಕಟ್ಟೆಯ ಮೇಲೆ ಕಂಬಳಿ ಹಾಸಿ ಊರಿನ ಹತ್ತಿಪ್ಪತ್ತು ಹೆಂಗಸರು ಕೂತಿದ್ದರು. ಸಮಾವರಿನಲ್ಲಿ ಚಹಾದ ನೀರು ಕುದಿಯುತ್ತಿತ್ತು. ಬಟ್ಟೆಯ ಮೇಲೆ ಆಗತಾನೇ ಕರಿದ ಹಿಟ್ಟಿನುಂಡೆಗಳ, ಬೌರ್ಸಾಕಿನ ಗುಡ್ಡೆಯಿತ್ತು. ಮೂರ್ನಾಲ್ಕು ಮೀನುಗಾರರು ಸಿಗರೇಟು ಸೇದುತ್ತ ನಿಂತಿದ್ದರು.

"ಬಂದ್ಲು, ನಮ್ಮ ಹುಡುಗಿ ಬಂದ್ಲು!" ಎಂದು ಬಲ್ಜಾನ್ ಅಜ್ಜಿ ಮಂಡಿ ಹಿಡಿದುಕೊಂಡು ಎದ್ದಳು.

"ಏನು ಮಾಮ ಇದು?" ಎಂದಳು ಅಕ್ಬೋಬೆಕ್.

"ಏನಿಲ್ಲ, ಬಿಡೋಣ ಅಂತ."

"ಬಿಡೋಣ ಅಂದ್ರೆ?"

"ಬಿಡೋಣ ಅಂದ್ರೆ ಬಿಡೋಣ. ಕಟ್ಟಿ ಹಾಕೋದಕ್ಕೆ ಯಾರಾದ್ರೂ ಸಮುದ್ರಕ್ಕೆ ಬರ್ತಾರಾ?" ಸಗಿಂದಿಕ್ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಅವನಿಗೂ ಒಳಗೊಳಗೆ ಅಳುಕಿತ್ತು. "ನೋಡು ಮಗಳೇ, ಇಷ್ಟು ವರ್ಷ ಅದರ ನೀರಿಗೆ ಉಪ್ಪು ಹಾಕಿದೀನಿ. ಒಂದು ದಿನ ನಾನು ಹಾಕದೇ ಇರೋ ಉಪ್ಪಿನಲ್ಲಿ ಅದು ಈಜೋದು ನೋಡ್ಬೇಕು ನಂಗೆ."

"ನಿಮಗೆ ಎಷ್ಟು ಸಲ ಹೇಳಿದೀನಿ? ಇವಳವರು ಇಲ್ಲಿ ಯಾರೂ ಇಲ್ಲ. ಎಲ್ಲಿಗೆ ಹೋಗ್ತಾಳೆ? ಏನು ತಿಂತಾಳೆ?"

"ಒಂಟೆಗೆ ಯಾರು ದಾರಿ ಹೇಳ್ಕೊಡ್ತಾರೆ? ಬಿಟ್ರೆ ಹೋಗುತ್ತೆ, ಮೇಯುತ್ತೆ. ಬಾಯಾರಿಕೆ ಆದ್ರೆ ತನ್ನ ಬಾವಿಗೆ ತಾನೇ ಬರುತ್ತೆ, ತಿಂಗಳು ಕಳೆದ್ರೂ ಬರುತ್ತೆ. ನೀನು ದಿನಾ ಸಂಜೆ ಬಕೆಟ್ ಹಿಡ್ಕೊಂಡು ಇಲ್ಲಿ ನಿಂತ್ಕೋ. ಇದೇ ಅದರ ಬಾವಿ ಅಂದ್ಕೋ. ಮುಗೀತು."

"ಒಂಟೆಗೆ ಒಂಟೆ ಜೊತೆ ಇರುತ್ತೆ ಮಾಮ. ಇವಳಿಗೆ ಇಷ್ಟು ನೀರಲ್ಲಿ ಯಾರಿದಾರೆ?"

"ನಂಗ್ಯಾರಿದಾರೆ?" ಎಂದಳು ಬಲ್ಜಾನ್ ಅಜ್ಜಿ. "ಗಂಡ ಹೋದ, ಅಣ್ಣತಮ್ಮಂದ್ರು ಹೋದ್ರು. ಆದ್ರೂ ಇದ್ದೀನಲ್ಲ. ನನ್ನನ್ನೂ ತೊಟ್ಟೀಲಿ ಹಾಕಿ ಉಪ್ಪು ಸುರೀರಿ ಅಂತ ಕೇಳಿದ್ನಾ?"

ಹೆಂಗಸರು ಬಾಯಿಗೆ ಸೆರಗಿಟ್ಟ ಹಾಗೆ ತಲೆವಸ್ತ್ರದ ತುದಿ ಹಿಡಿದು ನಕ್ಕರು. ಅಜ್ಜಿ ನಗಲಿಲ್ಲ. "ನಾವೆಲ್ಲ ಕೈಯೆತ್ತಿ ಹರಸಿ ಆಯ್ತು ಮಗಳೇ. ದೇವ್ರು ಇವಳಿಗೆ ಅಗಲವಾದ ನೀರು ಕೊಡ್ಲಿ ಅಂತ. ಹರಸಿದ್ದನ್ನ ವಾಪಸ್ ತಗೊಳೋಕೆ ಅದೇನು ಕಡ ಕೊಟ್ಟ ಕೊಡಪಾನವಾ?"

ನಮ್ಮಲ್ಲಿ ಹಿರಿಯರು ಅಂಗೈ ಎತ್ತಿ ಹರಸಿದ ಮೇಲೆ ಆ ಕೆಲಸವನ್ನು ಕೈಬಿಡುವ ಹಾಗಿಲ್ಲ. ಬಿಟ್ಟರೆ ಅವರ ಮುಖಕ್ಕೆ ಉಗಿದಂತೆ. ಅಕ್ಬೋಬೆಕ್ ಆ ಕಾರಣಕ್ಕೆ ಒಪ್ಪಿದಳೆಂದು ಹೆಂಗಸರು ಈಗಲೂ ಹೇಳುತ್ತಾರೆ. ಆದರೆ ಅವಳು ನೋಡುತ್ತಿದ್ದದ್ದು ಶೊಲ್ಪಾನಿನ ಉಸಿರುಗಂಡಿಯನ್ನು. ಅದು ಬೇಗ ಬೇಗ ತೆರೆದು ಮುಚ್ಚುತ್ತಿತ್ತು. ಬಿಸಿಲು ಏರುತ್ತಿತ್ತು. ಸಂಜೆಯವರೆಗೆ ಈ ತೊಟ್ಟಿಯಲ್ಲಿಟ್ಟರೆ ವಿಮಾನಕ್ಕೆ ಹತ್ತಿಸುವ ಪ್ರಶ್ನೆಯೇ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಸಂಜೆವರೆಗೆ ಮಾತ್ರ," ಎಂದಳು. "ವಿಮಾನ ಬರೋವರೆಗೆ. ನಾನೂ ಅವಳ ಜೊತೆ ನೀರಲ್ಲಿರ್ತೀನಿ. ಬಂದರಿನ ಬಾಯಿಗೆ ಬಲೆ ಕಟ್ಟಿ."

"ಆಯ್ತಮ್ಮಾ, ಸಂಜೆವರೆಗೆ," ಎಂದ ಸಗಿಂದಿಕ್, ಹಟ ಮಾಡುವ ಮಗುವಿಗೆ ಹೂಂಗುಟ್ಟುವವನ ಹಾಗೆ. ಬಲೆಯ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಲಾರಿಯ ಕ್ರೇನು ಜೋಲಿಯನ್ನು ಎತ್ತಿ ಕಟ್ಟೆಯ ಆಚೆ ಇಳಿಸಿತು. ಕೊಳಕ್ಕೆ ಇಳಿಯುವ ರಬ್ಬರ್ ಉಡುಪು ಅಕ್ಬೋಬೆಕಳ ಮೈಮೇಲೇ ಇತ್ತು. ಸೊಂಟಕ್ಕೆ ಮೀನಿನ ಚೀಲ ಕಟ್ಟಿಕೊಂಡು ಅವಳು ಎದೆಮಟ್ಟದ ನೀರಿಗಿಳಿದು ಜೋಲಿಯ ಕೊಕ್ಕೆ ಬಿಚ್ಚಿದಳು. ಶೊಲ್ಪಾನ್ ಕದಲಲಿಲ್ಲ. ಅವಳ ಕಾಲಿಗೆ ಮೈಯೊತ್ತಿಕೊಂಡು ಹಾಗೇ ನಿಂತಿತು. ಅದರ ಎದೆ ಹಗುರಾದದ್ದು, ಉಸಿರು ತಗ್ಗಿದ್ದು ಅವಳ ಅಂಗೈಗೆ ತಿಳಿಯಿತು. ಎಷ್ಟೋ ಹೊತ್ತಿನ ಮೇಲೆ ಅದು ತಲೆ ಮುಳುಗಿಸಿ ಟಕಟಕ ಎಂದು ಸದ್ದು ಮಾಡಿತು. ಗೋಡೆಯಿಂದ ಮರಳಿ ಬರಬೇಕಾದ ಸದ್ದು ಬರಲಿಲ್ಲವೋ ಏನೋ, ಮತ್ತೆ ಮಾಡಿತು. ಆಮೇಲೆ ಬಾಲ ಬೀಸಿ ಹೊರಟೇಬಿಟ್ಟಿತು.

ಕಟ್ಟೆಯ ಮೇಲೆ ಹೋ ಎಂದು ಕೂಗೆದ್ದಿತು. ಮಗು ಮೊದಲ ಹೆಜ್ಜೆಯಿಟ್ಟಾಗ, ಸೊಸೆ ಮನೆಗೆ ಬಂದಾಗ ಎರಚುವ ಹಾಗೆ ಹೆಂಗಸರು ಹಿಡಿ ಹಿಡಿ ಮಿಠಾಯಿ ಎರಚಿದರು. ಕೆಲವು ನೀರಿಗೂ ಬಿದ್ದವು. ಶೊಲ್ಪಾನ್ ಬಂದರಿನ ನಡುವೆ ಮೇಲಕ್ಕೆ ನೆಗೆದು, ಇಡೀ ಮೈ ಹೊಳೆದು, ನೀರಿಗೆ ಬಿತ್ತು. ಸಗಿಂದಿಕ್ ಕೂಗಲಿಲ್ಲ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅಕ್ಬೋಬೆಕಳಿಗೂ ಆಗ ಸಂತೋಷವಾಯಿತು. ನೀರಿನಲ್ಲಿ ನಿಂತು ಜೋರಾಗಿ ನಕ್ಕಳು. ಇಷ್ಟು ಸುಲಭವಿತ್ತಾ ಎಂದುಕೊಂಡಳು.

ಚಹಾ ಸುರಿದರು. ಅವಳನ್ನು ಕಟ್ಟೆಯ ಮೇಲಕ್ಕೆ ಕರೆದು ಕೈಗೊಂದು ಬಟ್ಟಲು ಕೊಟ್ಟರು. ಮೀನುಗಾರರಲ್ಲೊಬ್ಬ ತಾನು ಇನ್ನು ಮೇಲೆ ದಿನವೂ ಒಂದು ಪಾಲು ಮೀನು ಇಲ್ಲಿ ಸುರಿದು ಹೋಗುವೆನೆಂದ. "ಮೀನಿಗೆ ದುಡ್ಡು ಬೇಡ, ಆಟ ತೋರಿಸಲಿ ಸಾಕು," ಎಂದು ಇನ್ನೊಬ್ಬ ಚೇಷ್ಟೆ ಮಾಡಿದ. ಬೌರ್ಸಾಕ್ ಮುರಿಯುತ್ತಿದ್ದ ಅಕ್ಬೋಬೆಕಳ ಕೈ ನಿಂತಿತು. ಅವಳ ಕಣ್ಣು ನೀರಿನ ಮೇಲಿತ್ತು.

"ಎಷ್ಟು ಚೆನ್ನಾಗಿ ಆಡ್ತಿದೆ ನೋಡು," ಎಂದಳು ಬಲ್ಜಾನ್ ಅಜ್ಜಿ. "ರೌಂಡು ಹೊಡೀತಿದೆ."

ಶೊಲ್ಪಾನ್ ಬಂದರಿನ ನಡುವೆ ಸುತ್ತುತ್ತಿತ್ತು. ಎಡಮಗ್ಗುಲಾಗಿ. ಬಂದರು ಕೊಳದ ಹತ್ತರಷ್ಟು ಅಗಲವಿದೆ, ಬಾಯಿ ತೆರೆದಿದೆ, ಅದರಾಚೆ ಕಣ್ಣು ಹೋಗುವವರೆಗೂ ನೀರಿದೆ. ಅದರ ಸುತ್ತು ಮಾತ್ರ ಕೊಳದಷ್ಟೇ. ಒಂದು ಕಡೆ ಬಂದಾಗ ತಲೆ ಎತ್ತಿ ಕ್ಷಣ ನಿಲ್ಲುತ್ತಿತ್ತು. ಕೊಳದಲ್ಲಾಗಿದ್ದರೆ ಅಲ್ಲಿ ಅಕ್ಬೋಬೆಕ್ ಬಕೆಟ್ ಇಟ್ಟುಕೊಂಡು ನಿಲ್ಲುವ ಹಲಗೆ ಇರುತ್ತಿತ್ತು. ಇನ್ನೊಂದು ಕಡೆ ಏನೋ ತಗುಲೀತೆಂಬಂತೆ ಮೈ ಓರೆ ಮಾಡುತ್ತಿತ್ತು. ಕೊಳದಲ್ಲಿ ಅದೇ ಜಾಗಕ್ಕೆ ನೀರು ಎಳೆಯುವ ಕೊಳವೆಯ ಜಾಲರಿ ಇತ್ತು.

"ಅಜ್ಜಿ, ಅದು ಆಟ ಅಲ್ಲ," ಎಂದಳು ಅಕ್ಬೋಬೆಕ್.

ವಿವರಿಸಬೇಕಾಗಲಿಲ್ಲ. ಆ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುತ್ತಿದ್ದವನು ಸಗಿಂದಿಕ್. ಅವನು ಬಟ್ಟಲು ಕೆಳಗಿಟ್ಟು ಕಟ್ಟೆಯ ಅಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ.

"ನಮ್ಮಪ್ಪ ಒಂದು ಒಂಟೆ ತಂದಿದ್ದ," ಎಂದ ಸಗಿಂದಿಕ್, ಯಾರ ಮುಖವನ್ನೂ ನೋಡದೆ. "ಖಿವಾ ಕಡೆಯಿಂದ. ಅಲ್ಲಿ ಎಣ್ಣೆ ಗಾಣ ಎಳೀತಿತ್ತಂತೆ. ತಂದು ಬಯಲಿಗೆ ಬಿಟ್ಟ. ಕಣ್ಣಿಗೆ ಪಟ್ಟಿ ಇಲ್ಲ, ನೊಗ ಇಲ್ಲ, ಏನಿಲ್ಲ. ಅದು ಬಯಲಲ್ಲೂ ಗಾಣ ಸುತ್ತಿದ ಹಾಗೇ ಸುತ್ತೋದು. ಹುಲ್ಲೆಲ್ಲ ತುಳಿದು ನೆಲದ ಮೇಲೆ ಬಳೆ ಬರೆದ ಹಾಗೆ ಆಗಿತ್ತು. ನಾವು ಹುಡುಗರು ನಕ್ಕರೆ ಅಪ್ಪ ಬೈಯೋನು."

"ಆಮೇಲೆ ಸರಿಹೋಯ್ತಾ?" ಎಂದಳು ಅಜ್ಜಿ.

"ಎಲ್ಲಿಯ ಸರಿ? ಚಳಿಗಾಲಕ್ಕೆ ಕಡಿದ್ರು. ನಾವೂ ತಿಂದ್ವಿ." ಅವನು ಸುತ್ತುತ್ತಿದ್ದ ಶೊಲ್ಪಾನಿನ ಕಡೆ ಕೈ ತೋರಿಸಿದ. "ಅದು ನೆನಪೇ ಇರಲಿಲ್ಲ ನೋಡು ನಂಗೆ. ಬಾವಿಗೆ ಬರೋ ಒಂಟೆಗಳಷ್ಟೇ ನೆನಪಿದ್ವು."

ಯೆರ್ನಾಜರನ ಕಾರು ಜಲ್ಲಿ ಹಾರಿಸಿಕೊಂಡು ಬಂದದ್ದು ಆಗ. ಊರು ಚಿಕ್ಕದು, ಸುದ್ದಿಗೆ ಕಾಲಿದೆ. ಅವನು ಬೈಯುತ್ತಾನೆಂದು ಎಲ್ಲರೂ ಕಾದರು. ಅವನು ಬಂದರನ್ನು ನೋಡಿದ, ಖಾಲಿ ತೊಟ್ಟಿಯನ್ನು ನೋಡಿದ, ಅಜ್ಜಿಗೆ ತಲೆಬಾಗಿ ನಮಸ್ಕಾರ ಮಾಡಿದ. ಹಿರಿಯರಿರುವ ಕಡೆ ಕೂಗಾಡುವಂತಿಲ್ಲ. ಅಕ್ಬೋಬೆಕಳನ್ನು ಪಕ್ಕಕ್ಕೆ ಕರೆದ.

"ಬಾಕುನಲ್ಲಿ ಗಾಳಿ ನಿಂತಿದೆ. ವಿಮಾನ ಹೊರಟಾಯ್ತು. ಕರಿ ಅವಳನ್ನ."

ಅವಳು ಶೊಲ್ಪಾನಿನ ಸುತ್ತಿನ ಕಡೆ ತಿರುಗಿದಳು.

"ನೋಡು, ನಾನು ರಾಕ್ಷಸ ಅಲ್ಲ. ಅಲ್ಲಿ ಇನ್ನೂ ಮೂರು ಡಾಲ್ಫಿನ್ ಇವೆ. ಜೊತೆ ಇರುತ್ತೆ. ಇಲ್ಲಿ ಏನಿದೆ? ನೀನೇ ದಿನಾ ಗೇಟಲ್ಲಿ ನಿಂತು ಹೇಳ್ತಿದ್ದೆಯಲ್ಲ, ಈ ಸಮುದ್ರದಲ್ಲಿ ಅವಳವರು ಅಂತ ಯಾರೂ ಇಲ್ಲ ಅಂತ. ಸುಳ್ಳಾ ಅದು?"

"ಸುಳ್ಳಲ್ಲ."

"ಇವರೆಲ್ಲ ಸೇರಿ ಬಿಟ್ರಲ್ಲ. ಏನು ಮಾಡ್ತಿದಾಳೆ ನೋಡು. ಅವಳಿಗೇ ಬೇಕಿಲ್ಲ. ನೀನು ನೀರು ಬಡಿ, ಅಷ್ಟೇ. ಬಂದು ಮಲಗ್ತಾಳೆ. ಬಲೆ ಗಿಲೆ ಹಾಕಿ ಹಿಂಸೆ ಮಾಡೋದು ನಂಗೂ ಇಷ್ಟ ಇಲ್ಲ."

ಅವನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅವಳು ನೀರು ಬಡಿದರೆ ಶೊಲ್ಪಾನ್ ಬರುತ್ತದೆ. ಅಂಗೈ ಚಾಚಿದರೆ ಜೋಲಿಯಲ್ಲಿ ಮಲಗುತ್ತದೆ. ಬದುಕಿ ತಲುಪಿದರೆ ಅಲ್ಲಿ ಜೊತೆ ಸಿಗುತ್ತದೆ, ಜೊತೆಗೆ ಇನ್ನೊಂದು ಗೋಡೆಯೂ. ಇಲ್ಲಿ ಉಳಿದರೆ ಇಷ್ಟು ದೊಡ್ಡ ನೀರಿನಲ್ಲಿ ಅದರ ಭಾಷೆಯಲ್ಲಿ ಮಾತಾಡಿಸುವವರು ಸಾಯುವ ತನಕ ಒಬ್ಬರೂ ಸಿಗುವುದಿಲ್ಲ. ಎರಡರಲ್ಲಿ ಯಾವುದು ಕಡಿಮೆ ಕೆಟ್ಟದ್ದು ಎಂದು ಅಳೆಯುವ ತಕ್ಕಡಿ ಯಾರ ಹತ್ತಿರವೂ ಇರಲಿಲ್ಲ. ಅಕ್ಬೋಬೆಕಳಿಗೆ ಸಿಟ್ಟು ಬಂತು. ಅದು ಯೆರ್ನಾಜರನ ಮೇಲಲ್ಲ, ಸಗಿಂದಿಕನ ಮೇಲೂ ಅಲ್ಲ. ಅವಳು ಕರೆದಾಗಲೆಲ್ಲ ಬರುವ ಆ ಪ್ರಾಣಿಯ ಮೇಲೆ, ಒಂದು ಸಲವಾದರೂ ಬಾರದೇ ಇರಬಾರದೇ ಎಂದು.

"ಜೋಲಿ ಇಳಿಸಿಡಿ," ಎಂದಳು.

ಸಗಿಂದಿಕ್ ತಲೆಯೆತ್ತಿ ಅವಳನ್ನು ನೋಡಿದ. ಹೋಗಿ ಲಾರಿಯ ಪಕ್ಕ ನಿಂತ. ಅವನ ತಂಗಿಯ ಮಗ ಕ್ರೇನು ಚಾಲೂ ಮಾಡಿದ. ಖಾಲಿ ಜೋಲಿ ಕಟ್ಟೆಯ ಬದಿಯ ನೀರಿಗಿಳಿಯಿತು. ಬಲ್ಜಾನ್ ಅಜ್ಜಿ ಬೌರ್ಸಾಕಿನ ಮೇಲೆ ಬಟ್ಟೆ ಮುಚ್ಚಿದಳು.

ಅಕ್ಬೋಬೆಕ್ ಬಕೆಟ್ಟಿನಿಂದ ಸೊಂಟದ ಚೀಲದ ತುಂಬ ಮೀನು ತುಂಬಿಕೊಂಡು ನೀರಿಗಿಳಿದಳು. ಜೋಲಿಯ ಹತ್ತಿರ ನಿಲ್ಲಲಿಲ್ಲ. ಈಜಿಕೊಂಡು ಹೋದಳು. ಶೊಲ್ಪಾನಿನ ಸುತ್ತನ್ನು ಹಾದು, ಆಚೆ ಬದಿಗೆ, ಬಂದರಿನ ಬಾಯಿಯ ಕಡೆಗೆ. ಅಲ್ಲಿ ಕಾಲಿಗೆ ನೆಲ ಸಿಗುವುದಿಲ್ಲ. ಕೈಕಾಲು ಬಡಿಯುತ್ತ ತೇಲಿ ನಿಂತು, ಕೊಳದಲ್ಲಾಗಿದ್ದರೆ ಗೋಡೆ ಎಲ್ಲಿ ಬರುತ್ತಿತ್ತು ಎಂದು ಕಣ್ಣಳತೆ ಮಾಡಿದಳು. ಅದರಿಂದ ಒಂದು ಮಾರು ಆಚೆ ಸರಿದು ಅಂಗೈಯಿಂದ ನೀರು ಬಡಿದಳು.

ಶೊಲ್ಪಾನ್ ಸುತ್ತು ಬಿಟ್ಟು ನೆಟ್ಟಗೆ ಬಂತು. ಬಂದದ್ದು ಗೋಡೆಯಿರಬೇಕಾದ ಜಾಗದಲ್ಲಿ ಥಟ್ಟನೆ ಮಗ್ಗುಲಾಗಿ, ಎಡಕ್ಕೆ ಹೊರಳಿ ಹೋಯಿತು.

ಅವಳು ಮತ್ತೆ ಬಡಿದಳು. ಮತ್ತೆ ಬಂತು, ಮತ್ತೆ ಹೊರಳಿತು. ಅವಳ ಹಲ್ಲು ಚಳಿಗೆ ಕಟಕಟ ಎನ್ನತೊಡಗಿತು. ಅವಳು ಹತ್ತಿರ ಬಂದಳು, ಇಲ್ಲದ ಗೋಡೆಗೆ ಒಂದು ಗೇಣು ಬಿಟ್ಟು. ಮೀನು ಹಿಡಿದ ಕೈ ಮುಂದೆ ಚಾಚಿದಳು. ಹೊಸ ಪಾಠ ಶುರುಮಾಡುವಾಗ ಮಾಡುವ ಹಾಗೆ, ಮುಖದಲ್ಲಿ ಅವಸರವಿಲ್ಲದೆ, ಕಾದಳು.

"ಈ ಕಡೆ ಕರಿ, ಜೋಲಿ ಈ ಕಡೆ ಇದೆ!" ಎಂದು ಯೆರ್ನಾಜರ್ ಕಟ್ಟೆಯಿಂದ ಕೂಗಿದ.

ಶೊಲ್ಪಾನ್ ಬಂದು ನಿಂತಿತು. ಈ ಸಲ ಹೊರಳಲಿಲ್ಲ. ತಲೆ ಎತ್ತಿ ಅವಳ ಕೈ ನೋಡಿತು, ತಲೆ ಮುಳುಗಿಸಿ ಟಕಟಕ ಸದ್ದು ಮಾಡಿ ಆಲಿಸಿತು. ಮೂತಿಯ ತುದಿ ಒಂದು ಬೆರಳಿನಷ್ಟು ಮುಂದೆ ಬಂತು, ಹಿಂದೆ ಹೋಯಿತು. ಮತ್ತೆ ಬಂತು. ಬಂದ ಮೂತಿ ಗೋಡೆಯಿದ್ದ ಗೆರೆ ದಾಟಿ ಅವಳ ಅಂಗೈಗೆ ತಗುಲಿತು.

ಅಕ್ಬೋಬೆಕ್ ಸೀಟಿ ಊದಿದಳು.

"ಹಾಂ, ಹಾಗೇ ಕರ್ಕೊಂಡು ಬಾ, ಜೋಲಿ ಸಿದ್ಧ ಇದೆ!" ಎಂದು ಯೆರ್ನಾಜರ್ ಉತ್ಸಾಹದಿಂದ ಕೈ ಬೀಸಿದ. ಸಗಿಂದಿಕ್ ಮಾತ್ರ ಕ್ರೇನಿನ ಹುಡುಗನ ಭುಜದ ಮೇಲೆ ಕೈಯಿಟ್ಟು, "ಆಫ್ ಮಾಡು," ಎಂದ. ಇಷ್ಟು ವರ್ಷ ಆ ಸೀಟಿಯನ್ನು ಪಂಪಿನ ಕೋಣೆಯಿಂದ ಅವನೂ ಕೇಳುತ್ತ ಬಂದಿದ್ದ.

ಶೊಲ್ಪಾನ್ ಮೀನು ನುಂಗಿತು. ಅಕ್ಬೋಬೆಕ್ ಕಟ್ಟೆಗೆ ಬೆನ್ನು ಮಾಡಿ ಬಂದರಿನ ಬಾಯಿಯ ಕಡೆಗೆ ಇನ್ನೊಂದು ಮಾರು ಈಜಿದಳು. ತಿರುಗಿ, ನೀರು ಬಡಿದಳು.